ಅಂಗಡಿ ಕಟ್ಟಡದ ಟೆರೇಸು ಮತ್ತು ಯಾರದ್ದೂ ಅಲ್ಲದ ವೈರುಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿ, ಯಾವ ಊರಾದರೂ ಸರಿ. ಪೇಟೆಯಲ್ಲಿರುವ ಹತ್ತು ಹದಿನೈದು ವರ್ಷ ಹಳೆಯ ಅಂಗಡಿ ಕಟ್ಟಡವೊಂದರ ಟೆರೇಸು ಹತ್ತಿ ನೋಡಿ. ಎಸಿಗಳ ಔಟ್‌ಡೋರ್ ಯೂನಿಟ್ಟುಗಳು ಸಾಲಾಗಿ ಕೂತಿರುತ್ತವೆ. ನಡುವೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಹೋಟೆಲಿನ ಹೊಗೆ ಎಳೆಯುವ ಫ್ಯಾನು, ಫ್ಲೆಕ್ಸ್ ಕಟ್ಟುವ ಕಬ್ಬಿಣದ ಚೌಕಟ್ಟು, ಸಿಸಿಟಿವಿ, ಕೇಬಲ್ ಟಿವಿಯವರ ಡಬ್ಬಿ. ಪ್ರತಿಯೊಂದಕ್ಕೂ ಒಂದು ವೈರು. ಕೆಲವು ಪೈಪಿನೊಳಗೆ, ಹೆಚ್ಚಿನವು ನೆಲದ ಮೇಲೆ ಹಾಗೇ ಬಿದ್ದಿರುತ್ತವೆ. ಯಾವುದರಲ್ಲಿ ಕರೆಂಟು ಇದೆ, ಯಾವುದು ಸತ್ತ ವೈರು ಎಂದು ಕಟ್ಟಡದ ಮಾಲೀಕರನ್ನೇ ಕೇಳಿದರೂ ಉತ್ತರ ಸಿಗುವುದಿಲ್ಲ.

ಇದನ್ನು ನೋಡಿದ ಯಾರೇ ಆದರೂ ಮೊದಲು ಬಯ್ಯುವುದು ವೈರ್‌ಮನ್‌ಗೆ. ‘ಎಂಥಾ ಕೆಲಸ ಮಾರಾಯ್ರೆ, ಕೈಗೆ ಬಂದಂಗೆ ಎಳೆದು ಹೋಗಿದಾನೆ’ ಅಂತ. ಬಯ್ಯುವುದರಲ್ಲಿ ತಪ್ಪಿಲ್ಲ. ಆದರೆ ಅದೇ ವೈರ್‌ಮನ್ ಅದೇ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿರುತ್ತಾನೆ. ಅಲ್ಲಿ ಸ್ವಿಚ್‌ಬೋರ್ಡು ಒಂದು ಎಳೆ ಓರೆಯಾಗಿದ್ದರೂ ಅಂಗಡಿಯವರು ಬಿಡುವುದಿಲ್ಲ. ಟೆರೇಸಿಗೆ ಬಂದಾಗ ಮಾತ್ರ ಅವನ ಕೈ ಯಾಕೆ ಸಡಿಲವಾಗುತ್ತದೆ? ನನಗೆ ಕಂಡ ಮಟ್ಟಿಗೆ ಉತ್ತರ ಇಷ್ಟೇ: ಟೆರೇಸು ಎಲ್ಲರೂ ಬಳಸುವ, ಆದರೆ ಯಾರೂ ನೋಡಿಕೊಳ್ಳದ ಜಾಗ. ಅಲ್ಲಿನ ವೈರಿಂಗ್ ಕೆಟ್ಟದ್ದಕ್ಕೆ ಕೌಶಲ್ಯದ ಕೊರತೆಗಿಂತ ಈ ವ್ಯವಸ್ಥೆಯೇ ದೊಡ್ಡ ಕಾರಣ.

ಕಟ್ಟಡ ಕಟ್ಟಿದಾಗ ಟೆರೇಸಿನಲ್ಲಿ ಇರುವುದು ಒಂದು ಲೈಟು, ಒಂದು ಪ್ಲಗ್ ಪಾಯಿಂಟು, ಬಹಳ ಅಂದರೆ ಪಂಪಿನ ಲೈನು. ಹೆಸ್ಕಾಂ ಮೀಟರ್ ಕೊಡುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರು ಸಹಿ ಮಾಡಿಕೊಡುವುದು ಆ ಹೊತ್ತಿನ ವೈರಿಂಗಿಗೆ. ಆಮೇಲೆ ಟೆರೇಸು ಬೆಳೆಯುತ್ತಾ ಹೋಗುತ್ತದೆ. ಮೊದಲ ಮಹಡಿಯ ಬಟ್ಟೆ ಅಂಗಡಿಯವರು ಎಸಿ ಹಾಕಿಸುತ್ತಾರೆ. ಮೊಬೈಲ್ ಅಂಗಡಿಯವರು ಕ್ಯಾಮೆರಾ ಕಟ್ಟಿಸುತ್ತಾರೆ. ಮೇಲೆ ಲಾಡ್ಜು ಬಂದರೆ ಸೋಲಾರ್ ಹೀಟರಿನೊಳಗೆ ಕರೆಂಟಿನಿಂದ ನೀರು ಕಾಯಿಸುವ ಕಾಯಿಲಿಗೆ ಲೈನು ಬೇಕು. ಇವರೆಲ್ಲ ಬೇರೆ ಬೇರೆ ಕಡೆಯ ಕೆಲಸಗಾರರನ್ನು ಕರೆಸುತ್ತಾರೆ. ಎಸಿ ಹುಡುಗನಿಗೆ ಎಸಿ ಗೊತ್ತು. ಕ್ಯಾಮೆರಾದವನಿಗೆ ಕ್ಯಾಮೆರಾ ಗೊತ್ತು. ಇಬ್ಬರಿಗೂ ಬೇಕಾದದ್ದು ಹತ್ತಿರದಲ್ಲಿ ಸಿಗುವ ಒಂದು ಫೇಸು (ಕರೆಂಟು ಬರುವ ವೈರು), ಒಂದು ನ್ಯೂಟ್ರಲ್ (ವಾಪಸ್ ಹೋಗುವ ವೈರು). ಮೊದಲು ಕಣ್ಣಿಗೆ ಬಿದ್ದ ವೈರಿನಿಂದಲೇ ಟ್ಯಾಪ್ ಮಾಡುತ್ತಾರೆ. ಮುಂದಿನ ವರ್ಷ ಬಂದವನು ಅದರಿಂದ ಇನ್ನೊಂದು ಟ್ಯಾಪ್ ತೆಗೆಯುತ್ತಾನೆ. ಅಂಗಡಿ ಖಾಲಿ ಮಾಡಿ ಹೋಗುವವರು ಎಸಿ ಬಿಚ್ಚಿಕೊಂಡು ಹೋಗುತ್ತಾರೆ, ವೈರು ಅಲ್ಲೇ ಬಿಡುತ್ತಾರೆ. ಅದರ ತುದಿಗೆ ಟೇಪು ಸುತ್ತಿದ್ದರೆ ಪುಣ್ಯ.

ಒಂದು ಜಾಯಿಂಟಿನ ಕಥೆ

ಹೊನ್ನಾವರದ ಕಟ್ಟಡವೊಂದರ ಮೇಲೆ ನೋಡಿದ ಒಂದು ಜಾಯಿಂಟನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಸಿಯಿಂದ ಬಂದ ದಪ್ಪ ತಾಮ್ರದ ವೈರಿಗೆ ಬಿಳಿ ಬಣ್ಣದ ತೆಳು ಫ್ಲ್ಯಾಟ್ ವೈರನ್ನು ತಿರುಚಿ ಸೇರಿಸಿದ್ದರು. ಬಿಳಿ ಬಣ್ಣ ಬಿಸಿಲಿಗೆ ಹಳದಿಯಾಗಿತ್ತು. ಮೇಲೆ ಕಪ್ಪು ಟೇಪಿನ ಕೆಲವು ಸುತ್ತು. ಅಂಟು ಕರಗಿ ಟೇಪಿನ ತುದಿ ಬಿಚ್ಚಿಕೊಂಡಿತ್ತು. ಮಳೆ ತಾಗಬಾರದು ಅಂತ ನೀರಿನ ಬಾಟಲಿಯೊಂದನ್ನು ಅರ್ಧಕ್ಕೆ ಕತ್ತರಿಸಿ ಮುಚ್ಚಿದ್ದರು. ಬಾಟಲಿಯ ಬಾಯಿ ಮೇಲಕ್ಕಿತ್ತು, ಮುಚ್ಚಳ ಇರಲಿಲ್ಲ. ಈ ಇಡೀ ಗಂಟನ್ನು ಬೈಂಡಿಂಗ್ ವೈರಿನಿಂದ ಎಸಿಯ ತಾಮ್ರದ ಪೈಪಿಗೇ ಬಿಗಿದಿದ್ದರು.

ಹೀಗೆ ಯಾಕೆ ಮಾಡುತ್ತಾರೆ? ಎಸಿ ಹಾಕುವಾಗ ಸಾಮಾನ್ಯವಾಗಿ ಮೂರು ಮೀಟರ್ ಉದ್ದದ ಪೈಪಿನ ಕಿಟ್ ಕೊಡುತ್ತಾರೆ. ಅದಕ್ಕಿಂತ ಜಾಸ್ತಿ ಬೇಕಾದರೆ ಮೀಟರಿಗೆ ಇಷ್ಟು ಅಂತ ಹೆಚ್ಚುವರಿ ದುಡ್ಡು. ಮೊದಲ ಮಹಡಿಯ ಅಂಗಡಿಯಿಂದ ಟೆರೇಸಿಗೆ ಮೂರು ಮೀಟರ್ ಸಾಲುವುದಿಲ್ಲ. ತಾಮ್ರದ ಪೈಪಿಗೆ ಹೇಗೂ ದುಡ್ಡು ಕೊಡಲೇಬೇಕು, ಅದಿಲ್ಲದೆ ಗ್ಯಾಸ್ ಓಡುವುದಿಲ್ಲ. ಉಳಿತಾಯ ಮಾಡಲು ಸಿಗುವುದು ವೈರು ಒಂದೇ. ‘ನಿನ್ ಹತ್ರ ಹಳೇ ತುಂಡು ಇದ್ರೆ ಅದ್ನೇ ಹಾಕು ಮಾರಾಯಾ’ ಎನ್ನುತ್ತಾರೆ ಅಂಗಡಿಯವರು. ಅವನ ಚೀಲದಲ್ಲಿ ಹಳೇ ತುಂಡು ಇದ್ದೇ ಇರುತ್ತದೆ.

ಇದರಲ್ಲಿ ಅಪಾಯ ಎಲ್ಲಿದೆ ನೋಡಿ. ಒಂದೂವರೆ ಟನ್ನಿನ ಎಸಿ ಓಡುವಾಗ ಸುಮಾರು 8 ಆಂಪಿಯರ್ ಎಳೆಯುತ್ತದೆ. ಜಾಯಿಂಟು ಬಿಗಿಯಾಗಿದ್ದರೆ ಅಲ್ಲಿ ಪ್ರತಿರೋಧ ಇಲ್ಲವೆನ್ನುವಷ್ಟು ಕಡಿಮೆ. ತುಕ್ಕು ಹಿಡಿದು, ಸಡಿಲಾಗಿ ಅದು ಅರ್ಧ ಓಮ್‌ಗೆ ಏರಿತು ಎಂದುಕೊಳ್ಳೋಣ. ಕರೆಂಟಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿದರೆ 32 ವಾಟ್. ಅಷ್ಟೂ ಶಾಖ ಒಂದು ಅಡಿಕೆಗಿಂತ ಚಿಕ್ಕ ಗಂಟಿನೊಳಗೆ ಹುಟ್ಟುತ್ತದೆ. ಮೊಬೈಲ್ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಾಮಾನ್ಯ ಸೋಲ್ಡರಿಂಗ್ ಕಡ್ಡಿ 25 ವಾಟಿನದು. ಸುತ್ತ ಇರುವುದು ಪ್ಲಾಸ್ಟಿಕ್ ಬಾಟಲಿ, ಟೇಪು, ಪೈಪಿಗೆ ಸುತ್ತಿದ ಫೋಮು. ಬೆಂಕಿಗೆ ಇನ್ನೇನು ಬೇಕು?

ಆಗ ಬೋರ್ಡಿನಲ್ಲಿ ತಾನಾಗಿಯೇ ಆಫ್ ಆಗುವ ಸ್ವಿಚ್ಚು, ಎಂಸಿಬಿ, ಬೀಳುವುದಿಲ್ಲವೇ? ಬೀಳುವುದಿಲ್ಲ. ಎಂಸಿಬಿ ಗಮನಿಸುವುದು ಕರೆಂಟು ಮಿತಿ ಮೀರಿತೇ ಎಂಬುದನ್ನು ಮಾತ್ರ. ಸಡಿಲ ಜಾಯಿಂಟಿನಲ್ಲಿ ಕರೆಂಟು ಹೆಚ್ಚುವುದೇ ಇಲ್ಲ, ಸ್ವಲ್ಪ ಕಮ್ಮಿಯೇ ಆಗಬಹುದು. ಕೆಳಗಿನ ಬೋರ್ಡಿನಲ್ಲಿ ಎಲ್ಲ ಸರಿ ಇದ್ದಂತೆ ಕಾಣುವಾಗಲೇ ಮೇಲೆ ಗಂಟು ಕಾಯುತ್ತಿರುತ್ತದೆ.

ಉಪ್ಪು, ಬಿಸಿಲು, ಮಳೆ

ಇಂಥ ಕೆಲಸ ಬಯಲುಸೀಮೆಯಲ್ಲೂ ಇದೆ. ಆದರೆ ಅಲ್ಲಿ ಹತ್ತು ವರ್ಷ ತಡೆಯುವ ತಪ್ಪು ನಮ್ಮಲ್ಲಿ ಎರಡು ಮೂರು ಮಳೆಗಾಲಕ್ಕೇ ಹೊರಗೆ ಬೀಳುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ನೇರವಾಗಿಯೂ ಬೀಳುವುದಿಲ್ಲ, ಪಡುವಣ ಗಾಳಿಗೆ ಅಡ್ಡಡ್ಡ ಹೊಡೆಯುತ್ತದೆ. ಮೇಲಿನಿಂದ ಬರುವ ನೀರಿಗೆ ಮುಚ್ಚಿದ ಡಬ್ಬಿಯೊಳಗೆ ಕೆಳಗಿನಿಂದ, ಪಕ್ಕದಿಂದ ನೀರು ನುಗ್ಗುತ್ತದೆ.

ಮಳೆಗಿಂತ ಕಳ್ಳ ಶತ್ರು ಉಪ್ಪು. ಕಡಲ ಗಾಳಿ ತರುವ ಉಪ್ಪಿನ ಸಣ್ಣ ಕಣಗಳು ಪ್ರತಿ ಟರ್ಮಿನಲ್ಲಿನ ಮೇಲೂ ಕೂರುತ್ತವೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದು ಇದೇ ಕಾರಣಕ್ಕೆ. ಅಂದರೆ ಒಂದು ಹನಿ ಮಳೆ ಬೀಳದ ದಿನವೂ ಟೆರೇಸಿನ ಟರ್ಮಿನಲ್ ಒದ್ದೆಯೇ. ಅದೂ ಬರೀ ನೀರಲ್ಲ, ಕರೆಂಟು ಸಲೀಸಾಗಿ ಹರಿಯುವ ಉಪ್ಪುನೀರು. ತಾಮ್ರ ಹಸಿರು ಕಟ್ಟುತ್ತದೆ. ಅಲ್ಯೂಮಿನಿಯಂ ವೈರಿಗೆ ತಾಮ್ರ ತಿರುಚಿದ ಕಡೆಯಂತೂ ಅಲ್ಯೂಮಿನಿಯಂ ಪುಡಿಪುಡಿಯಾಗಿ ಉದುರುತ್ತದೆ.

ಉಳಿದ ಎಂಟು ತಿಂಗಳು ಬಿಸಿಲಿನ ಪಾಳಿ. ಮನೆ ವೈರಿಂಗಿಗೆ ಬಳಸುವ ಸಾಮಾನ್ಯ ಪಿವಿಸಿ ವೈರು ಗೋಡೆಯೊಳಗಿನ ಪೈಪಿನಲ್ಲಿ ಇರಲಿ ಅಂತ ಮಾಡಿದ್ದು. ಬಯಲಲ್ಲಿ ಬಿಟ್ಟರೆ ಅದನ್ನು ಮೆತ್ತಗಿಟ್ಟಿರುವ ಅಂಶ ಬಿಸಿಲಿಗೆ ಹೊರಟುಹೋಗಿ ಬಿರುಸಾಗುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಬಿಳಿ ಪಿವಿಸಿ ಪೈಪೂ ಅಷ್ಟೇ, ಒಂದೆರಡು ಬೇಸಿಗೆ ಕಳೆದ ಮೇಲೆ ಕಾಲಿಟ್ಟರೆ ಪಟ್ ಅನ್ನುತ್ತದೆ. ಘಟ್ಟದ ಮೇಲೆ, ಶಿರಸಿ ಸಿದ್ದಾಪುರದಲ್ಲಿ, ಉಪ್ಪಿನ ಕಾಟ ಇಲ್ಲ. ಅಲ್ಲಿ ಪಾಚಿ, ಸಿಡಿಲು ಮತ್ತು ಮಂಗ. ವೈರು ಹಿಡಿದು ಜೋಕಾಲಿಯಾಡುವ ಮಂಗನಿಗೆ ತಡೆಯುವ ವೈರಿಂಗ್ ಯಾವ ಪುಸ್ತಕದಲ್ಲೂ ಬರೆದಿಲ್ಲ ಬಿಡಿ.

ತಗಡಿನ ಮಾಡು

ನಮ್ಮ ಜಿಲ್ಲೆಯ ಟೆರೇಸಿನ ಒಂದು ವಿಶೇಷ ಎಂದರೆ ಸ್ಲ್ಯಾಬಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದೆಸುವುದು. ಸ್ಲ್ಯಾಬು ಸೋರುತ್ತದೆ, ಬೇರೆ ದಾರಿ ಇಲ್ಲ. ಹೊದೆಸಿದ ಮೇಲೆ ಆ ಜಾಗ ಖಾಲಿ ಇರುವುದಿಲ್ಲ. ಗೋದಾಮು ಆಗುತ್ತದೆ, ಅಡಿಕೆ ಹರಡುತ್ತಾರೆ, ಗೋಕರ್ಣದ ಕಡೆ ಕೆಫೆಯೇ ಆಗುತ್ತದೆ. ಅಲ್ಲಿಗೆ ಲೈಟು ಬೇಕು, ಫ್ಯಾನು ಬೇಕು. ವೈರನ್ನು ಪೈಪಿನ ಗುಂಟ ಎಳೆದು ಅಲ್ಲಲ್ಲಿ ಬೈಂಡಿಂಗ್ ವೈರಿನಿಂದ ಕಟ್ಟುತ್ತಾರೆ. ಗಾಳಿ ಬಂದಾಗ ಮಾಡು ಅಲುಗುತ್ತದೆ. ಬೈಂಡಿಂಗ್ ವೈರು ನಿಧಾನಕ್ಕೆ ವೈರಿನ ತೊಗಟೆ ಕೊಯ್ಯುತ್ತದೆ. ಇನ್ನು ಶೀಟಿನ ಸ್ಕ್ರೂ. ಮೇಲಿನಿಂದ ಡ್ರಿಲ್ ಹಿಡಿದು ಸ್ಕ್ರೂ ಬಿಗಿಯುವವನಿಗೆ ಕೆಳಗೆ ಪೈಪಿಗೆ ಅಂಟಿಕೊಂಡು ವೈರು ಹೋಗಿದೆ ಎಂಬುದು ಕಾಣುವುದೇ ಇಲ್ಲ.

ಫೇಸ್ ವೈರು ಒಂದು ಕಡೆ ಕಬ್ಬಿಣಕ್ಕೆ ತಾಗಿದರೆ ಆ ಪೈಪು, ಅದಕ್ಕೆ ಕೂಡಿದ ಎಲ್ಲ ಕಂಬ, ಎಲ್ಲ ಶೀಟು, ಶೀಟಿನ ಅಂಚಿನಲ್ಲಿ ಮಳೆನೀರು ಹರಿಯುವ ಕಬ್ಬಿಣದ ದಂಬೆ, ಎಲ್ಲದರಲ್ಲೂ 230 ವೋಲ್ಟ್. ಒಣ ದಿನಗಳಲ್ಲಿ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನಬಹುದು, ಕಾಲಲ್ಲಿ ಚಪ್ಪಲಿ ಇದ್ದರೆ ಅದೂ ಇಲ್ಲ. ಜೂನ್‌ನಲ್ಲಿ ದಂಬೆಯ ಕಸ ತೆಗೆಯಲು ಬರಿಗಾಲಲ್ಲಿ ಒದ್ದೆ ಸ್ಲ್ಯಾಬಿನ ಮೇಲೆ ನಿಂತು ಮುಟ್ಟಿದವನ ಕಥೆ ಬೇರೆ. ಟೆರೇಸಿನಲ್ಲಿ ಶಾಕ್ ಹೊಡೆಯುವುದು ಹೆಚ್ಚಾಗಿ ಮಾಲೀಕರಿಗಲ್ಲ ಎಂಬುದನ್ನೂ ಗಮನಿಸಬೇಕು. ಟ್ಯಾಂಕ್ ತೊಳೆಯುವವರು, ಶೀಟು ಹಾಕುವವರು, ಎಸಿ ಸರ್ವಿಸಿನ ಹುಡುಗರು, ಫ್ಲೆಕ್ಸ್ ಕಟ್ಟುವವರು. ಯಾವ ವೈರು ಎಲ್ಲಿದೆ ಅಂತ ಗೊತ್ತಿಲ್ಲದೆ ಅರ್ಧ ದಿನದ ಕೆಲಸಕ್ಕೆ ಮೇಲೆ ಹತ್ತಿದವರು. ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಿದ್ದಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ಹೇಳುತ್ತವೆ.

ತೆಗೆದುಹಾಕಿದ ಆರ್‌ಸಿಸಿಬಿ

ಹಾಗಾದರೆ ಜೀವ ಉಳಿಸುವ ಸಾಧನ ಇಲ್ಲವೇ? ಇದೆ. ಅದರ ಹೆಸರು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತೇ ಎಂದು ಅದು ಪ್ರತಿ ಕ್ಷಣ ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟಿದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನು ಕಡಿಯುತ್ತದೆ. ಒದ್ದೆ ಮೈಯ ಪ್ರತಿರೋಧ ಸುಮಾರು ಸಾವಿರ ಓಮ್ ಎಂದು ಹಿಡಿದರೆ 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹೃದಯ ನಿಲ್ಲಿಸಲು ಧಾರಾಳ ಸಾಕು. ಆದರೆ 16 ಆಂಪಿಯರಿನ ಎಂಸಿಬಿಗೆ ಅದು ಕಾಲು ಆಂಪಿಯರೂ ಅಲ್ಲ, ಒಂದು ಸಣ್ಣ ಬಲ್ಬು ಹೊತ್ತಿದಂತೆ. ಎಂಸಿಬಿ ಇರುವುದು ವೈರಿನ ರಕ್ಷಣೆಗೆ, ಮನುಷ್ಯನ ರಕ್ಷಣೆಗೆ ಆರ್‌ಸಿಸಿಬಿಯೇ ಬೇಕು.

ಈಗ ನಮ್ಮೂರಿನ ಸಮಸ್ಯೆಗೆ ಬರೋಣ. ಹಲವು ಅಂಗಡಿಗಳಲ್ಲಿ ಆರ್‌ಸಿಸಿಬಿ ಹಾಕಿರುತ್ತಾರೆ, ಹೊಸದರಲ್ಲಿ. ಮೊದಲ ಮಳೆಗಾಲ ಬರುತ್ತದೆ. ಟೆರೇಸಿನ ಯಾವುದೋ ಒದ್ದೆ ಜಾಯಿಂಟಿನಿಂದ ಕರೆಂಟು ಸೋರುತ್ತದೆ. ಆರ್‌ಸಿಸಿಬಿ ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. ಇಡೀ ಅಂಗಡಿಗೆ ಇರುವುದು ಒಂದೇ ಆರ್‌ಸಿಸಿಬಿ. ಹಾಗಾಗಿ ಟೆರೇಸಿನ ಒಂದು ಲೈಟಿನ ಸಲುವಾಗಿ ಫ್ರಿಜ್ಜು, ಬಿಲ್ಲಿಂಗ್ ಕಂಪ್ಯೂಟರು, ಎಲ್ಲ ಬಂದ್. ವೈರ್‌ಮನ್‌ಗೆ ಫೋನು ಹೋಗುತ್ತದೆ.

‘ಸಾವ್ಕಾರ್ರೆ, ಮೇಲೆ ಎಲ್ಲೋ ಲೀಕೇಜ್ ಇದೆ. ಹುಡುಕ್ಬೇಕು, ಒಂದು ದಿನ ಆಗ್ತದೆ.’

‘ಒಂದು ದಿನವಾ? ಗಿರಾಕಿ ನಿಂತಿದಾರೆ ಮಾರಾಯಾ. ಈಗ ಲೈನ್ ಕೊಡು, ಮಳೆ ಬಿಟ್ಮೇಲೆ ನೋಡ್ವಾ.’

ಅವನು ಆರ್‌ಸಿಸಿಬಿಯನ್ನು ಬಿಟ್ಟು ನೇರ ಕೊಡುತ್ತಾನೆ. ಮಳೆ ಬಿಟ್ಟ ಮೇಲೆ ಜಾಯಿಂಟು ಒಣಗುತ್ತದೆ, ಯಾರಿಗೂ ನೆನಪಿರುವುದಿಲ್ಲ. ಮುಂದಿನ ಜೂನ್‌ನಲ್ಲಿ ಅದೇ ಜಾಯಿಂಟು ಒದ್ದೆಯಾದಾಗ ಹೇಳುವವರು ಯಾರೂ ಇಲ್ಲ. ನನಗೆ ಇದು ಇಡೀ ವಿಷಯದಲ್ಲಿ ಅತ್ಯಂತ ಬೇಸರ ತರುವ ಭಾಗ. ಸಾಧನ ಕೆಟ್ಟದ್ದಲ್ಲ, ದುಬಾರಿಯೂ ಅಲ್ಲ, ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ನಿಜ ಹೇಳಿದ್ದಕ್ಕೆ ಅದನ್ನು ತೆಗೆದು ಹಾಕಿದರು, ಅಷ್ಟೇ. ತಾಂತ್ರಿಕವಾಗಿ ಇದಕ್ಕೆ ಉತ್ತರ ಬಹಳ ಸುಲಭ. ಟೆರೇಸಿಗೆ ಬೇರೆಯದೇ ಆರ್‌ಸಿಸಿಬಿ ಕೊಟ್ಟರೆ ಮೇಲಿನ ಸೋರಿಕೆಗೆ ಮೇಲಿನ ಲೈನು ಮಾತ್ರ ಬೀಳುತ್ತದೆ. ಕೆಳಗೆ ವ್ಯಾಪಾರ ನಡೆಯುತ್ತಿರುತ್ತದೆ, ವೈರ್‌ಮನ್‌ಗೆ ಹುಡುಕಲು ಒಂದು ದಿನ ಸಿಗುತ್ತದೆ.

ಅರ್ಥಿಂಗಿನ ಕಥೆಯೂ ಸುಮಾರಾಗಿ ಹೀಗೇ. ಟೆರೇಸಿನವರೆಗೆ ಹಸಿರು ವೈರು ಎಳೆಯುವ ಬದಲು ಪ್ಲಗ್ಗಿನ ಅರ್ಥ್ ಪಿನ್ನನ್ನು ನ್ಯೂಟ್ರಲ್ಲಿಗೇ ಸೇರಿಸಿಬಿಡುತ್ತಾರೆ. ನ್ಯೂಟ್ರಲ್ ಸರಿ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಅದು ಎಲ್ಲಾದರೂ ಕಡಿದರೆ ಯಂತ್ರದ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಅರ್ಥಿಂಗಿಗೆ ನೆಲದಲ್ಲಿ ಹುಗಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಕಡಲತೀರದ ಮಣ್ಣಿನಲ್ಲಿ ತುಕ್ಕು ಹಿಡಿದು ಹೋಗಿರುತ್ತದೆ, ಚಿರೆಕಲ್ಲಿನ ನೆಲವಾದರೆ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸರಿಯಾಗಿ ಭೂಮಿಗೆ ಬಿಡುವುದಿಲ್ಲ. ಹಾಗಾಗಿ ಅರ್ಥಿಂಗ್ ಅಳೆಯಿಸುವುದಿದ್ದರೆ ಏಪ್ರಿಲ್ ಮೇ ತಿಂಗಳಲ್ಲೇ ಅಳೆಯಿಸಬೇಕು. ಆಗಸ್ಟ್‌ನಲ್ಲಿ ಅಳೆದರೆ ಎಲ್ಲರ ಅರ್ಥಿಂಗೂ ಚೆನ್ನಾಗಿಯೇ ಕಾಣುತ್ತದೆ. ನೀರಿನ ಟ್ಯಾಂಕಿನೊಳಗೆ ನೇರ 230 ವೋಲ್ಟಿನ ಫ್ಲೋಟ್ ಸ್ವಿಚ್ ಇಳಿಬಿಡುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರ ವೈರು ಬಿರುಕು ಬಿಟ್ಟರೆ ಟ್ಯಾಂಕಿನ ನೀರಿಗೇ ಕರೆಂಟು. 12 ಅಥವಾ 24 ವೋಲ್ಟಿನಲ್ಲಿ ಕೆಲಸ ಮಾಡುವ ಕಂಟ್ರೋಲರು ಸಿಗುತ್ತದೆ, ಅದನ್ನು ಹಾಕಿಸಿ.

ಕರೆಂಟು ಹೋದಾಗ

ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ, ಕಾಳಿ ನದಿಗೆ ಸಾಲು ಸಾಲು ಅಣೆಕಟ್ಟು, ಶರಾವತಿಗೆ ಗೇರುಸೊಪ್ಪ. ಇಷ್ಟು ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಕಾರಣ ಸರಳ. ಲೈನು ಕಾಡಿನೊಳಗೆ ಹಾದು ಬರುತ್ತದೆ, ಮರ ಬೀಳುತ್ತದೆ. ಹಾಗಾಗಿ ಲಾಡ್ಜು, ಐಸ್‌ಕ್ರೀಂ ಅಂಗಡಿ, ಮೀನಿನ ಫ್ರೀಜರು ಇಟ್ಟವರು, ಎಲ್ಲರ ಹತ್ತಿರವೂ ಇನ್ವರ್ಟರು ಇಲ್ಲವೇ ಜನರೇಟರು. ಜಾಗ ಇಲ್ಲದವರು ಅದನ್ನೂ ಟೆರೇಸಿಗೇ ಏರಿಸುತ್ತಾರೆ.

ಜನರೇಟರನ್ನು ಚೇಂಜ್‌ಓವರ್ ಸ್ವಿಚ್ಚಿನ ಮೂಲಕವೇ ಕೊಡಬೇಕು. ಒಂದು ಕಡೆ ಹೆಸ್ಕಾಂ ಲೈನು, ಇನ್ನೊಂದು ಕಡೆ ಜನರೇಟರು, ಎರಡೂ ಒಟ್ಟಿಗೆ ಸೇರುವ ಅವಕಾಶವೇ ಇರಬಾರದು. ಟೆರೇಸಿನ ಪ್ಲಗ್ಗಿಗೆ ಎರಡೂ ತುದಿಗೆ ಪಿನ್ ಇರುವ ವೈರು ಚುಚ್ಚಿ ಇಡೀ ಕಟ್ಟಡಕ್ಕೆ ಕರೆಂಟು ಹತ್ತಿಸುವವರಿದ್ದಾರೆ. ‘ಮೇನ್ ಸ್ವಿಚ್ ಆಫ್ ಮಾಡ್ತೇವಲ್ಲ’ ಎನ್ನುತ್ತಾರೆ. ಗಡಿಬಿಡಿಯಲ್ಲಿ ಒಂದು ದಿನ ಮರೆತರೆ ಆ ಕರೆಂಟು ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು ಕಂಬ ಸೇರುತ್ತದೆ. ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹಿಂದಿನಿಂದ ಕೊಟ್ಟ ಕರೆಂಟು ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗಿ ಹೊರಬರುತ್ತದೆ. ಲೈನು ಆಫ್ ಇದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ಎಲ್ಲಿಂದ ಬಂತು ಎಂದೂ ತಿಳಿಯುವುದಿಲ್ಲ.

ಕಾನೂನು ಎಲ್ಲಿ ನಿಲ್ಲುತ್ತದೆ

ಕಾನೂನು ಇಲ್ಲ ಅಂತಲ್ಲ. 2003ರ ವಿದ್ಯುತ್ ಕಾಯ್ದೆ ಇದೆ. ಅದರಡಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ, 2010ರಲ್ಲಿ ಬಂದವುಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದವು. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ, ಅರ್ಹತಾ ಪತ್ರ ಇರುವ ಮೇಲ್ವಿಚಾರಕರ ಕೈಕೆಳಗೆ ಮಾಡಿಸಬೇಕು. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043 ಎಂಬ ಮಾನದಂಡಗಳಿವೆ. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಎಂಬ ಇಲಾಖೆಯೇ ಇದೆ. ವಿದ್ಯುತ್ ಅವಘಡವಾಗಿ ಜೀವ ಹೋದರೆ ಕಾಯ್ದೆಯ 161ನೇ ಕಲಮಿನಡಿ ಪರಿವೀಕ್ಷಕರಿಗೆ ತಿಳಿಸಬೇಕು, ಅವರು ಬಂದು ವಿಚಾರಣೆ ಮಾಡುತ್ತಾರೆ.

ಅಂದರೆ ಕಾನೂನಿನ ಕಣ್ಣು ಟೆರೇಸಿನ ಮೇಲೆ ಬೀಳುವುದು ಮುಖ್ಯವಾಗಿ ಎರಡು ಸಲ. ಮೀಟರ್ ಕೊಡುವಾಗ ಒಮ್ಮೆ, ಯಾರಾದರೂ ಸತ್ತ ಮೇಲೆ ಇನ್ನೊಮ್ಮೆ. ನಡುವೆ ಅವಧಿಗೊಮ್ಮೆ ತಪಾಸಣೆ ಆಗಬೇಕು ಎಂಬುದೂ ನಿಯಮದಲ್ಲಿದೆ. 2010ರ ನಿಯಮಗಳೇ ಐದು ವರ್ಷ ಮೀರದಂತೆ ಪರೀಕ್ಷೆ ಆಗಬೇಕು ಎಂದಿದ್ದವು. ನಿಮ್ಮ ಅಂಗಡಿಯ ಟೆರೇಸಿಗೆ ಹಾಗೆ ಬಂದು ನೋಡಿದವರು ಯಾರಾದರೂ ನೆನಪಿದ್ದಾರಾ? ಊರಿನ ಸಣ್ಣ ಅಂಗಡಿಗಳನ್ನೆಲ್ಲ ಹತ್ತಿ ಇಳಿದು ನೋಡುವಷ್ಟು ಜನ ಯಾವ ಇಲಾಖೆಯಲ್ಲೂ ಇಲ್ಲ. ಇದ್ದರೂ ಬಿಸಿಲಲ್ಲಿ ಬಿಟ್ಟ ಪಿವಿಸಿ ವೈರಿಗೆ, ಉಪ್ಪು ಗಾಳಿಯ ಟರ್ಮಿನಲ್ಲಿಗೆ ಐದು ವರ್ಷ ಎನ್ನುವುದು ಬಹಳ ದೀರ್ಘ ಕಾಲ.

ಹೆಸ್ಕಾಂನ ಹೊಣೆ ಮೀಟರಿನವರೆಗೆ. ಮೀಟರಿನಿಂದಾಚೆ ಗ್ರಾಹಕನದು. ಗ್ರಾಹಕ ಯಾರು? ಆರ್‌ಆರ್ ನಂಬರು ಕಟ್ಟಡದ ಮಾಲೀಕರ ಹೆಸರಲ್ಲಿ, ಬಿಲ್ಲು ಕಟ್ಟುವವರು ಬಾಡಿಗೆದಾರರು. ಭಟ್ಕಳದಿಂದ ಕಾರವಾರದವರೆಗೆ ಎಷ್ಟೋ ಕಟ್ಟಡಗಳ ಮಾಲೀಕರು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ಬಾಡಿಗೆ ಕರಾರಿನಲ್ಲಿ ಅಂಗಡಿಯ ಚದರಡಿ ಬರೆದಿರುತ್ತದೆ, ಶಟರಿನ ಬೀಗ ಬರೆದಿರುತ್ತದೆ. ಟೆರೇಸಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೀಗಾಗಿ ಮೇಲಿನ ವೈರಿಂಗ್ ಸರಿ ಮಾಡಿಸುವ ಖರ್ಚು ಯಾರದ್ದು ಎಂಬ ಮಾತೇ ಎತ್ತದೆ ವರ್ಷಗಳು ಕಳೆಯುತ್ತವೆ.

ಅದೇ ಟೆರೇಸಿನಲ್ಲಿ ಮೊಬೈಲ್ ಟವರ್ ಇದ್ದರೆ ಒಂದು ಮಜಾ ನೋಡಬಹುದು. ಅದರ ಬೇಲಿಯೊಳಗೆ ಕೇಬಲ್ಲುಗಳು ಟ್ರೇಯಲ್ಲಿ ಸಾಲಾಗಿ ಹೋಗಿರುತ್ತವೆ. ಅರ್ಥಿಂಗಿನ ಪಟ್ಟಿ ಕಾಣುವಂತೆ ಇಳಿದಿರುತ್ತದೆ. ಡಬ್ಬಿಗೆ ಕೇಬಲ್ ಕೆಳಗಿನಿಂದ ಹೊಕ್ಕಿರುತ್ತದೆ, ಹೊಕ್ಕಲ್ಲಿ ಸಂದಿ ಮುಚ್ಚುವ ಗ್ಲ್ಯಾಂಡ್ ಬಿಗಿದಿರುತ್ತದೆ. ಎಲ್ಲ ಟವರೂ ಹೀಗೇ ಅಂತ ಹೇಳಲಾರೆ, ಆದರೆ ಸಾಮಾನ್ಯವಾಗಿ ಟೆರೇಸಿನ ಉಳಿದ ಭಾಗಕ್ಕಿಂತ ವಾಸಿ. ಉಪ್ಪು ಅದೇ, ಮಳೆ ಅದೇ. ಕೆಲಸ ಮಾಡಿದವರೂ ನಮ್ಮ ಐಟಿಐ ಹುಡುಗರೇ. ಬೇರೆ ಏನೆಂದರೆ, ಅಲ್ಲಿಗೆ ಆಗಾಗ ಬರಲು ಒಬ್ಬನಿಗೆ ಸಂಬಳ ಇದೆ. ಬಂದು ಏನು ನೋಡಿದ ಅಂತ ಬರೆಯಬೇಕು. ಟವರ್ ನಿಂತರೆ ಕಂಪನಿಗೆ ಆ ಕ್ಷಣಕ್ಕೇ ನಷ್ಟ. ಬೇಲಿಯಿಂದ ಎರಡಡಿ ಆಚೆ ಬಿದ್ದಿರುವ ಅಂಗಡಿಯ ವೈರಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಹಾಗಾಗಿ ‘ವೈರ್‌ಮನ್‌ಗಳಿಗೆ ತರಬೇತಿ ಕೊಡಿ’ ಎಂಬ ಸಲಹೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಗೊತ್ತಿಲ್ಲದೆ ತಪ್ಪು ಮಾಡುವವರು ಇದ್ದಾರೆ ನಿಜ. ಆದರೆ ಬಾಟಲಿ ಕತ್ತರಿಸಿ ಮುಚ್ಚಿದವನಿಗೆ ಮಳೆ ಒಳಗೆ ಬರಬಾರದು ಅಂತ ಗೊತ್ತಿತ್ತಲ್ಲ. ಮುನ್ನೂರು ನಾನೂರು ರೂಪಾಯಿಯ ನೀರು ಹೊಗದ ಜಂಕ್ಷನ್ ಬಾಕ್ಸಿಗೆ ದುಡ್ಡು ಕೊಡುವವರು ಇರಲಿಲ್ಲ.

ಸೋಲಾರ್ ಬಂದ ಮೇಲೆ

ಈಗ ಟೆರೇಸಿಗೆ ಹೊಸ ಅತಿಥಿ ಬರುತ್ತಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಮನೆಗಳಿಗೆ ಮಾತ್ರ. ಆದರೆ ಅದರ ಗಾಳಿಗೆ ಅಂಗಡಿ, ಲಾಡ್ಜಿನವರೂ ಸ್ವಂತ ದುಡ್ಡಿನಲ್ಲಿ ಪ್ಯಾನಲ್ ಹಾಕಿಸುತ್ತಿದ್ದಾರೆ. ವಾಣಿಜ್ಯ ದರದ ಬಿಲ್ಲು ನೋಡಿದರೆ ಹಾಕಿಸುವುದು ಸರಿಯೇ.

ಸೋಲಾರ್ ವೈರಿಂಗಿನಲ್ಲಿ ಹಳೆಯ ಚಾಳಿ ನಡೆಯುವುದಿಲ್ಲ. ಪ್ಯಾನಲ್ಲಿನಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಪ್ಯಾನಲ್ಲುಗಳನ್ನು ಸಾಲಾಗಿ ಜೋಡಿಸಿದಾಗ ಡಿಸಿ ವೋಲ್ಟೇಜು 600, ಕೆಲವು ಕಡೆ 1,000ದವರೆಗೆ ಹೋಗುತ್ತದೆ. ಲೈನಿನಲ್ಲಿ ಬರುವ ಎಸಿ ಕರೆಂಟು (ತಂಪು ಮಾಡುವ ಎಸಿ ಅಲ್ಲ, ದಿಕ್ಕು ಬದಲಿಸುತ್ತ ಹರಿಯುವ ಕರೆಂಟು) ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ. ಹಾಗಾಗಿ ಕಿಡಿ ಹತ್ತಿದರೂ ಆರಲು ಅವಕಾಶ ಇದೆ. ಡಿಸಿಗೆ ಆ ಸೊನ್ನೆಯೇ ಇಲ್ಲ. ಸಡಿಲ ಕನೆಕ್ಟರಿನಲ್ಲಿ ಹತ್ತಿದ ಕಿಡಿ ಬೆಸುಗೆಯ ಜ್ವಾಲೆಯಾಗಿ ಉರಿಯುತ್ತಲೇ ಇರುತ್ತದೆ. ಅಂಗಡಿಯಲ್ಲಿ ಸಿಗುವ, ಎಸಿ ಕರೆಂಟಿಗೆ ಮಾಡಿದ ಸಾಮಾನ್ಯ ಎಂಸಿಬಿ ಹಾಕಿದರೆ ಅದು ಡಿಸಿ ಕಿಡಿಯನ್ನು ಕತ್ತರಿಸಲಾರದು. ಮೇಲಾಗಿ ಬಿಸಿಲು ಇರುವವರೆಗೆ ಪ್ಯಾನಲ್ ಆಫ್ ಆಗುವುದಿಲ್ಲ, ಇನ್ವರ್ಟರ್ ಆಫ್ ಮಾಡಿದರೂ ಅಲ್ಲಿಯವರೆಗಿನ ವೈರಿನಲ್ಲಿ ವೋಲ್ಟೇಜು ಇದ್ದೇ ಇರುತ್ತದೆ. ಆದ್ದರಿಂದ ಬಿಸಿಲು ತಡೆಯುವ ಸೋಲಾರ್ ಡಿಸಿ ಕೇಬಲ್ಲೇ ಬೇಕು. ಅದಕ್ಕೆ ಐಎಸ್ 17293 ಎಂಬ ಮಾನದಂಡವಿದೆ. ಎರಡೂ ಬದಿಗೆ ಒಂದೇ ಕಂಪನಿಯ ಕನೆಕ್ಟರು ಬೇಕು. ಕಡಲತೀರದವರು ಪ್ಯಾನಲ್ ಕೊಳ್ಳುವಾಗ ಐಇಸಿ 61701 ಎಂಬ ಉಪ್ಪುಮಂಜಿನ ಪರೀಕ್ಷೆ ಪಾಸಾಗಿದೆಯೇ ಎಂದು ಕೇಳಬೇಕು. ಕೇಳಿದರೆ ಮಾರುವವರು ಕಾಗದ ತೋರಿಸಬೇಕಾಗುತ್ತದೆ.

ಸೋಲಾರ್‌ನಿಂದ ಒಂದು ಒಳ್ಳೆಯದೂ ಆಗಬಹುದು. ಎಷ್ಟೋ ವರ್ಷದ ನಂತರ ಸರಿಯಾಗಿ ಕೆಲಸ ಬಲ್ಲ ಒಬ್ಬರು ಟೆರೇಸಿಗೆ ಹತ್ತುತ್ತಾರೆ. ಅವರಿಗೆ ಅರ್ಧ ದಿನದ ಕೂಲಿ ಹೆಚ್ಚು ಕೊಟ್ಟು ಉಳಿದ ವೈರುಗಳನ್ನೂ ನೋಡಿಸಿಬಿಡಬೇಕು. ಮೇನ್ ಆಫ್ ಮಾಡಿಸಿ ಮೊದಲು ಸತ್ತ ವೈರುಗಳನ್ನೆಲ್ಲ ಕಿತ್ತು ಹಾಕಿಸಿ. ಅಷ್ಟಕ್ಕೇ ಅರ್ಧ ಗೋಜಲು ಹೋಗುತ್ತದೆ. ಉಳಿದವಕ್ಕೆ ಟೆರೇಸಿನಲ್ಲಿ ಒಂದೇ ಬೋರ್ಡು, ಅದಕ್ಕೆ ಅದರದ್ದೇ ಆರ್‌ಸಿಸಿಬಿ. ಕೇಬಲ್ ಡಬ್ಬಿಯೊಳಗೆ ಕೆಳಗಿನಿಂದಲೇ ಹೊಗಬೇಕು, ಹೊಗುವ ಮುಂಚೆ ಸ್ವಲ್ಪ ಜೋತಿರಬೇಕು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ತಗಡಿನ ಮಾಡಿನ ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಯಾವ ಲೈನು ಯಾವ ಅಂಗಡಿಯದ್ದು ಅಂತ ಪೇಂಟಿನಲ್ಲಿ ಬರೆಸಿ, ಕಾಗದದ ಚೀಟಿ ಒಂದು ಮಳೆಗಾಲಕ್ಕೂ ಇರುವುದಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಒತ್ತಿದಾಗ ಅದು ಬೀಳಬೇಕು.

ಮಾಡಿನ ಕಂಬವೋ ಎಸಿಯ ಮೈಯೋ ಜುಮ್ಮೆಂದರೆ ‘ಸುಮ್ನೆ ಸ್ವಲ್ಪ ಅರ್ಥ್ ಬರ್ತದೆ’ ಅಂತ ಬಿಡಬೇಡಿ. ಅವತ್ತೇ ಮೇನ್ ಆಫ್ ಮಾಡಿಸಿ ಹುಡುಕಿಸಿ. ಸರ್ವಿಸ್ ವೈರು ಅಥವಾ ಕಂಬದ ಕಡೆಯ ತೊಂದರೆಯಾದರೆ 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟುವ ಮೊದಲು ಮೇನ್ ಆಫ್, ಆಮೇಲೆ 108. ಮೇನ್ ಎಲ್ಲಿದೆ ಎಂಬುದು ಅಂಗಡಿಯ ಕೆಲಸದ ಹುಡುಗರಿಗೂ ಗೊತ್ತಿರಲಿ, ಅದರ ಮುಂದೆ ರಟ್ಟಿನ ಪೆಟ್ಟಿಗೆ ಪೇರಿಸಿಡಬೇಡಿ.

ಇನ್ನು ಬಾಡಿಗೆ ಕರಾರು. ಹನ್ನೊಂದು ತಿಂಗಳಿಗೊಮ್ಮೆ ಹೇಗೂ ಹೊಸದಾಗಿ ಬರೆಯುತ್ತೀರಿ. ಟೆರೇಸಿನ ಬೋರ್ಡು ಮತ್ತು ಅರ್ಥಿಂಗ್ ಮಾಲೀಕರದ್ದು, ಅಲ್ಲಿಂದ ತಮ್ಮ ಯಂತ್ರದವರೆಗಿನ ಕೇಬಲ್ ಬಾಡಿಗೆದಾರರದ್ದು, ಖಾಲಿ ಮಾಡುವಾಗ ಅದನ್ನು ಬೋರ್ಡಿನವರೆಗೆ ಬಿಚ್ಚಿಕೊಂಡು ಹೋಗದಿದ್ದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುವುದು, ಪ್ರತಿ ಮೇ ತಿಂಗಳ ತಪಾಸಣೆಯ ಖರ್ಚು ಎಲ್ಲ ಅಂಗಡಿಗೂ ಸಮಪಾಲು. ಇಷ್ಟನ್ನು ಸೇರಿಸಲು ಛಾಪಾ ಕಾಗದದಲ್ಲಿ ನಾಲ್ಕು ಸಾಲು ಜಾಗ ಸಾಕು. ಐದು ಅಂಗಡಿ ಇರುವ ಕಟ್ಟಡದಲ್ಲಿ ಒಬ್ಬ ವೈರ್‌ಮನ್‌ನ ಒಂದು ದಿನದ ಕೂಲಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಇನ್ನೂರು ಮುನ್ನೂರು ರೂಪಾಯಿ.